ಒಂದೇ ಪಾಯಿಂಟು

"ನೆಟ್ಟಿನ ಪಾಯಿಂಟು ಯಾವ ರೂಮಿಗೆ ಕೊಡ್ಬೇಕು ಸಾರ್?" ಎಂದು ಕೇಬಲ್ ಆಫೀಸಿನ ಪ್ರಸನ್ನ ಕುಮಾರ್ ಕೇಳಿದ. ಇಷ್ಟು ಸಣ್ಣ ಪ್ರಶ್ನೆಗೆ ಬಾಯಿ ಒಣಗುವುದೆಂದರೇನು ಎಂದು ತಿಪ್ಪೇರುದ್ರನಿಗೆ ತನ್ನ ಮೇಲೆಯೇ ರೇಗಿತು. ಇಪ್ಪತ್ತಾರು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳುತ್ತ ಬಂದ ಮೇಷ್ಟ್ರು ಅವನು. ಪ್ರಶ್ನೆ ಕೇಳುವುದು ತನ್ನ ಕೆಲಸ, ತಡವರಿಸುವುದು ಎದುರಿಗೆ ನಿಂತವರ ಕೆಲಸ ಎಂಬುದು ಅಭ್ಯಾಸವಾಗಿಹೋಗಿದೆ. ಬಡವನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಆ ಇಕ್ಕಟ್ಟು ಕೋಣೆಯಲ್ಲಿ ಕಪ್ಪು ವೈರಿನ ಸುರುಳಿಗಳು ಗೋಡೆಗೆ ಒರಗಿದ್ದವು, ಫ್ಯಾನು ಕಿರುಗುಡುತ್ತಿತ್ತು, ಪ್ರಸನ್ನ ಕುಮಾರನ ಪೆನ್ನು ಅರ್ಜಿಯ ಮೇಲೆ ಕಾಯುತ್ತಿತ್ತು. ನನ್ನ ಓದುವ ರೂಮಿಗೆ ಎಂದು ತಿಪ್ಪೇರುದ್ರ ಹೇಳಿಬಿಟ್ಟ. ಹೇಳಿದ ಮೇಲೆ ಹಾಯೆನಿಸಿತು. ಮಗಳ ಕೆಲಸಕ್ಕೆಂದು ತನ್ನ ಕೋಣೆ ಬಿಟ್ಟುಕೊಡುವ ಅಪ್ಪಂದಿರು ಈ ಹೋಬಳಿಯಲ್ಲಿ ಎಷ್ಟು ಮಂದಿ ಇದ್ದಾರು? ಪ್ರಸನ್ನ ಕುಮಾರ್ ಈ ದೊಡ್ಡತನವನ್ನು ಗಮನಿಸಲೇ ಇಲ್ಲ. ಒಂದು ಲೈನಿಗೆ ಒಂದೇ ಡಬ್ಬಿ, ಹಾಕಿದ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಎತ್ತಿಡುವ ಹಾಗಿಲ್ಲ, ಒಳಗಿರುವುದು ಗಾಜಿನ ಎಳೆ, ಕಿತ್ತರೆ ಮತ್ತೆ ಬೆಸೆಯಬೇಕು, ಬೆಸೆಯುವ ಮೆಷಿನ್ನು ಮಧುಗಿರಿ ಕೊರಟಗೆರೆ ಎರಡೂ ಕಡೆಗೆ ಸೇರಿ ನಮ್ಮವರ ಹತ್ತಿರ ಒಂದೇ ಇರುವುದು, ಇವತ್ತು ಇಲ್ಲಿದೆ, ನಾಳೆ ಕೊರಟಗೆರೆಗೆ ಹೋದರೆ ಇನ್ನು ಹದಿನೈದು ದಿನ ಈ ಕಡೆ ತಿರುಗಿ ನೋಡುವುದಿಲ್ಲ, ಮನೆಯಲ್ಲಿ ಎಲ್ಲರನ್ನೂ ಕೇಳಿಯೇ ತೀರ್ಮಾನ ಮಾಡಿ ಎಂದ. ಕೇಳುವುದೇನು ಬಂತು, ಮನೆಯ ಯಜಮಾನ ಎದುರಿಗೇ ಕೂತು ಹೇಳುತ್ತಿದ್ದಾನಲ್ಲ ಎಂದು ತಿಪ್ಪೇರುದ್ರ ನಕ್ಕು ಸಹಿ ಹಾಕಲು ಕೈ ಚಾಚಿದ. ಸಹಿ ನಿಮ್ಮದಲ್ಲ, ಕನೆಕ್ಷನ್ನು ನಿಮ್ಮ ಮಗಳ ಹೆಸರಿನಲ್ಲಿದೆ, ಮನೆಗೆ ಬಂದಾಗ ಅವರದೇ ಫೋಟೋ ತೆಗೆಯಬೇಕು ಎಂದು ಪ್ರಸನ್ನ ಕುಮಾರ್ ಅರ್ಜಿಯನ್ನು ಎಳೆದುಕೊಂಡ. ಚಾಚಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಕನ್ನಡಕ ಸರಿಮಾಡಿಕೊಂಡ.

ಶರಣ್ಯಾಳಿಗೆ ಆರೋಗ್ಯ ವಿಮೆಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಗಾಬರಿಯಲ್ಲಿ ಫೋನು ಮಾಡುವವರಿಗೆ ಕನ್ನಡದಲ್ಲೂ ತೆಲುಗಿನಲ್ಲೂ ಸಮಾಧಾನ ಹೇಳಿ, ಯಾವ ಕಾಗದ ಬೇಕು ಯಾವುದು ಬೇಡ ಎಂದು ತಿಳಿಸುವ ಕೆಲಸ. ತೆಲುಗು ಅವಳಿಗೆ ಬಲಸಮುದ್ರದ ಸೋದರಮಾವನ ಮನೆಯಲ್ಲಿ ಬಂದದ್ದು. ಎರಡು ವರ್ಷ, ಹನ್ನೊಂದು ಅರ್ಜಿ, ಹನ್ನೊಂದನೆಯದು ಇದು. ಮನೆಯಿಂದಲೇ ಮಾಡಬಹುದು ಎಂದದ್ದಕ್ಕೆ ಅವಳಿಗಿಂತ ಅಪ್ಪನೇ ಹೆಚ್ಚು ಹಿಗ್ಗಿದ್ದ. ಆದರೆ ಷರತ್ತುಗಳಿದ್ದವು. ತಂತಿಯಲ್ಲಿ ಬರುವ ಇಂಟರ್ನೆಟ್ಟೇ ಆಗಬೇಕು, ಬಾಗಿಲು ಹಾಕಿಕೊಳ್ಳುವ ಕೋಣೆಯಾಗಬೇಕು, ಆ ಕೋಣೆಯ ಫೋಟೋ ಮೊದಲೇ ಕಳಿಸಿ ಒಪ್ಪಿಗೆ ಪಡೆಯಬೇಕು, ದಿನವೂ ಅದೇ ಕೋಣೆಯಲ್ಲಿ ಅದೇ ಗೋಡೆಯ ಮುಂದೆ ಕೂರಬೇಕು, ಜಾಗ ಬದಲಾದರೆ ಕಂಪ್ಯೂಟರು ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಲೈನು ಬಂದದ್ದಕ್ಕೆ ಪುರಾವೆಯನ್ನು ಶುಕ್ರವಾರ ಸಂಜೆ ಆರರೊಳಗೆ ಕಳಿಸಿದರೆ ಸೋಮವಾರದಿಂದ ಕೆಲಸ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಇವತ್ತೇ ಆ ಶುಕ್ರವಾರ. ವಾರವೆಲ್ಲ ಅವನು ಅಲೆದದ್ದು ಅಷ್ಟಿಷ್ಟಲ್ಲ. ಸರ್ಕಾರದ ಲೈನು ಪಂಚಾಯ್ತಿ ಆಫೀಸಿನವರೆಗೆ ಬಂದು ಅಲ್ಲಿಯೇ ನಿಂತಿತ್ತು. ಮಧುಗಿರಿಯಲ್ಲಿ ವಿಚಾರಿಸಿದರೆ ನಿಮ್ಮ ಹಟ್ಟಿ ನಮ್ಮ ನಕ್ಷೆಯಲ್ಲೇ ಇಲ್ಲವಲ್ಲ ಮೇಷ್ಟ್ರೇ ಎಂದರು. ಸಿಮ್ ಹಾಕುವ ಡಬ್ಬಿಯೂ ನಡೆದೀತೇನೋ, ಕಂಪನಿಯವರನ್ನು ಕಾಡಿ ಬೇಡಿ ಒಪ್ಪಿಸೋಣ ಎಂದು ಶಿರಾದಿಂದ ಒಬ್ಬನನ್ನು ಕರೆಸಿದ. ಅವನು ಫೋನು ಹಿಡಿದುಕೊಂಡು ತಾರಸಿ ಹತ್ತಿದ, ನೀರಿನ ಟ್ಯಾಂಕು ಹತ್ತಿದ, ಕೊನೆಗೆ ಹಟ್ಟಿಯ ಹಿಂದಿನ ಬಂಡೆ ಹತ್ತಿ ಎರಡು ಕಡ್ಡಿ ಸಿಗ್ನಲ್ ಕಂಡು, "ಮನೇನ ಇಲ್ಲಿ ಕಟ್ಟಿಸ್ಬೇಕಿತ್ತು ಸಾಬ್" ಎಂದು ನಗಾಡಿ ಹೋದ. ಆಕಾಶದಿಂದ ನೇರವಾಗಿ ಬರುವ ಡಿಶ್ಶು ಒಂದಿದೆಯಂತೆ, ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಬಾವಮೈದ ಮಾತ್ರ ದಿನಕ್ಕೊಮ್ಮೆ ಫೋನು ಮಾಡಿ, ಸೋಲಾರ್ ಪಾರ್ಕು ಬಂದ ಮೇಲೆ ನಮ್ಮ ಬಲಸಮುದ್ರದಲ್ಲಿ ಕುರಿ ಕಾಯುವವನಿಗೂ ನೆಟ್ಟು ಸಿಗುತ್ತದೆ ಎಂದು ಉರಿಸುತ್ತಿದ್ದ. ಕೊನೆಗೆ ಉಳಿದದ್ದು ಪ್ರಸನ್ನ ಕುಮಾರನ ಟಿ.ವಿ. ಕೇಬಲ್ಲಿನ ಜೊತೆ ಬರುವ ಈ ಎಳೆಯೊಂದೇ. ಇದನ್ನು ಆರಿಸಿಕೊಂಡೆವು ಎನ್ನುವುದಕ್ಕೂ ಬಾಯಿ ಬರುವುದಿಲ್ಲ.

ಬೈಕು ಹತ್ತಿ ಹಟ್ಟಿಯ ದಾರಿ ಹಿಡಿದಾಗ ಹಿಂದೆ ಮುತ್ತುರಾಜು ಟಿವಿಎಸ್ಸಿನಲ್ಲಿ ಏಣಿ ಕಟ್ಟಿಕೊಂಡು ಬರುತ್ತಿದ್ದ. ಹದಿನೆಂಟು ವರ್ಷದ ಹಿಂದೆ ಅವನು ತಿಪ್ಪೇರುದ್ರನ ಕ್ಲಾಸಿನಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವನು, ಈಗ ಪ್ರಸನ್ನ ಕುಮಾರನ ಲೈನ್‌ಮನ್. ಅವನನ್ನು ಕನ್ನಡಿಯಲ್ಲಿ ನೋಡುತ್ತ ತಿಪ್ಪೇರುದ್ರನಿಗೆ ಒಳಗೊಳಗೇ ಲೆಕ್ಕಾಚಾರ ನಡೆದಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಗಳು ಎರಡು. ಒಂದು ಅವನ ಓದುವ ಕೋಣೆ. ಇನ್ನೊಂದನ್ನು ಯಾರಾದರೂ ಬಾಯಿಬಿಟ್ಟು ಹೇಳಿಯಾರು ಎಂದೇ ಆಫೀಸಿನಲ್ಲಿ ಅವನ ಬಾಯಿ ಒಣಗಿದ್ದು. ಅಂಗಳದ ಆ ತುದಿಯಲ್ಲಿ, ಹಟ್ಟಿಯ ಹಳೇ ಮುಳ್ಳುಬೇಲಿ ಇದ್ದ ಗೆರೆಯಿಂದ ಸರಿಯಾಗಿ ಎರಡು ಮಾರು ಆಚೆಗೆ, ಆದರೆ ಅವನ ಕಾಂಪೌಂಡಿನಿಂದ ಎರಡು ಮಾರು ಈಚೆಗೆ ಅದು ನಿಂತಿದೆ. ಮುಟ್ಟಾದ ಹೆಂಗಸರು ಐದು ದಿನ, ಬಾಣಂತಿಯರು ಶುದ್ಧವಾಗುವ ತನಕ ಬೇಲಿಯಾಚೆ ಇರಬೇಕೆಂಬುದು ಹಟ್ಟಿಯ ಕಟ್ಟಳೆ. ಕಟ್ಟಳೆಯೂ ಮುರಿಯಬಾರದು, ಮನೆಯ ಹೆಂಗಸರು ಗರಿ ಗುಡಿಸಲಿನಲ್ಲೂ ಇರಬಾರದು ಎಂದು ಟೇಪು ಹಿಡಿದು ಅಳೆದು ಜಾಗ ಗೊತ್ತುಮಾಡಿದವನು ತಾನೇ. ಮೊದಲು ಸಿಮೆಂಟು ನೆಲ, ಆಮೇಲೆ ಟೈಲ್ಸು, ಫ್ಯಾನು, ಆಮೇಲೆ ಒಳಗೇ ಬಚ್ಚಲು. ಸಂಬಳ ಹೆಚ್ಚಿದಾಗಲೆಲ್ಲ ಆ ಕೋಣೆಗೆ ಏನಾದರೊಂದು ಹೆಚ್ಚುತ್ತಿತ್ತು. ಹಟ್ಟಿಯ ಬೇರೆ ಹೆಂಗಸರೂ ಅಲ್ಲಿಗೆ ಬಂದು ಇದ್ದು ಹೋಗುತ್ತಿದ್ದರು, ಮೇಷ್ಟ್ರ ಪುಣ್ಯ ಎಂದು ಹೇಳುತ್ತಿದ್ದರು, ಅದು ಕಿವಿಗೆ ಬಿದ್ದಾಗ ಅವನು ಮುಖ ಗಂಭೀರ ಮಾಡಿಕೊಂಡು ಒಳಗೆ ಉಬ್ಬುತ್ತಿದ್ದ. ಸಾಮಾಜಿಕ ಪಿಡುಗುಗಳ ಪಾಠ ಮಾಡುವ ದಿನ ಮಾತ್ರ ಯಾಕೋ ಕಿಟಕಿಯ ಹೊರಗೆ ನೋಡುತ್ತ ಪಾಠ ಮುಗಿಸುವುದು ರೂಢಿಯಾಗಿತ್ತು. ಹಟ್ಟಿಯಿಂದ ಬರುವ ಹುಡುಗಿಯೊಬ್ಬಳು ಒಮ್ಮೆ ಕೈ ಎತ್ತಿದ್ದಳು. ಗಂಟೆ ಹೊಡೆಯಿತು ಎಂದು ಅವನು ಪುಸ್ತಕ ಮುಚ್ಚಿದ, ಗಂಟೆ ಹೊಡೆಯಲು ಇನ್ನೂ ಐದು ನಿಮಿಷವಿತ್ತು.

ನಾಲ್ಕು ವರ್ಷದ ಹಿಂದೆ ತುಮಕೂರಿನಿಂದ ಅಧಿಕಾರಿಗಳು ಬಂದಿದ್ದರು, ಹಟ್ಟಿಯಲ್ಲಿ ಇನ್ನೂ ಯಾರ್ಯಾರು ಹೆಂಗಸರನ್ನು ಹೊರಗಿಡುತ್ತಾರೆ ಎಂದು ಬರೆದುಕೊಳ್ಳಲು. ಓದಿದವರೆಂದು ನೇರವಾಗಿ ಇವನ ಮನೆಗೇ ಬಂದರು. ನಮ್ಮಲ್ಲಿ ಅದೆಲ್ಲ ನಿಂತು ಕಾಲವಾಯಿತು ಮೇಡಂ ಎಂದು ಅವನು ಹೇಳಿದ. ಆ ಕೋಣೆ ಯಾವುದು ಎಂದದ್ದಕ್ಕೆ ಕಡಲೆಕಾಯಿ ಮೂಟೆ ಹಾಕುವುದಕ್ಕೆ ಎಂದ. ಹೆಂಡತಿ ಗಂಗಲಕ್ಷ್ಮಿ ಆಗ ಆ ಕೋಣೆಯ ಒಳಗೇ ಇದ್ದಳು. ಅಧಿಕಾರಿಗಳು ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಎರಡು ಗಂಟೆ ಕೂತು ಎದ್ದರು. ಆ ಎರಡು ಗಂಟೆಯೂ ಅವಳು ಬಾಗಿಲ ಹಿಂದೆ ಕೆಮ್ಮದೆ, ಫ್ಯಾನು ಹಾಕಿಕೊಳ್ಳದೆ, ನೀರು ಬಿಟ್ಟುಕೊಳ್ಳದೆ ಕೂತಿದ್ದಳು. ಅವರ ಜೀಪು ಹೋದ ಮೇಲೆ ಬಾಗಿಲು ತೆರೆಯಿತು. ಅವಳ ಮುಖ ಬೆವರಿನಲ್ಲಿ ತೊಯ್ದಿತ್ತು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಈಗ, ಗುಂಡಿ ತಪ್ಪಿಸಲು ಹ್ಯಾಂಡಲ್ ತಿರುಗಿಸುತ್ತ, ಅವನಿಗೆ ಅನಿಸಿತು. ಅವಳು ಬೈಯದೆ ಬಿಟ್ಟದ್ದನ್ನೆಲ್ಲ ತಾನು ಒಪ್ಪಿಗೆ ಎಂದುಕೊಂಡು ಬಂದೆನಲ್ಲ. ಆದರೆ ಬೈಯಲು ಅವಳಿಗೇನಿದೆ, ಮೊದಲ ಕೂಸಿನ ಕಾಲದ ಗುಡಿಸಲೆಲ್ಲಿ, ಈ ಕೋಣೆಯೆಲ್ಲಿ ಎಂದು ಮತ್ತೆ ಸಮಾಧಾನ ಮಾಡಿಕೊಂಡ. ಮೊದಲ ಕೂಸು ಎಂದೊಡನೆ ಆ ಮಾರ್ಗಶಿರದ ಚಳಿ ಮೈಗೆ ಬಂತು. ಗರಿಯ ಗೋಡೆ, ಮೇಲೆ ಹರಿದ ಟಾರ್ಪಾಲು. ಗಂಡಸರು ಹತ್ತಿರ ಹೋಗುವಂತಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವನು ಹತ್ತು ಮಾರು ದೂರದಲ್ಲಿ ನಿಂತು ಹೆಂಗಿದೀಯ ಎನ್ನುತ್ತಿದ್ದ, ಅವಳು ಬಟ್ಟೆಯ ಗಂಟನ್ನು ಎತ್ತಿ ತೋರಿಸುತ್ತಿದ್ದಳು. ಅಷ್ಟು ದೂರಕ್ಕೆ ಕಾಣುತ್ತಿದ್ದದ್ದು ಬಟ್ಟೆ ಮಾತ್ರ, ಅವನದೇ ಹಳೇ ಹಸಿರು ಗೆರೆಯ ಟವೆಲ್ಲು. ಒಂಬತ್ತನೆಯ ದಿನ ಆ ಟವೆಲ್ಲಿನ ಗಂಟನ್ನು ಅವನ ಕೈಗೆ ಕೊಟ್ಟರು. ಮಗಳನ್ನು ಅವನು ಮೊದಲ ಸಲ ಎತ್ತಿಕೊಂಡದ್ದು ಮಣ್ಣು ಮಾಡಲು. ಮುಖ ನೋಡುತ್ತೀಯೇನೋ ಎಂದು ಯಾರೋ ಕೇಳಿದರು. ಬೇಡ ಎಂದ. ಯಾಕೆ ಬೇಡ ಎಂದೆ ಎಂಬುದು ಇವತ್ತಿಗೂ ಅವನಿಗೆ ತಿಳಿಯದು.

ಮನೆ ತಲುಪಿದಾಗ ಹನ್ನೊಂದೂವರೆ. ತಾಯಿ ಚಿಕ್ಕಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುತ್ತುರಾಜು ಕಂಬದಿಂದ ವೈರು ಎಳೆದು ಕಾಂಪೌಂಡಿನ ಗೋಡೆಗೆ ತಂದು ಕಟ್ಟಿ, ಮಿಕ್ಕದ್ದನ್ನು ಭುಜಕ್ಕೆ ಹಾಕಿಕೊಂಡು, ಮೇಡಮ್ಮೋರನ್ನ ಕರೀರಿ ಸಾರ್, ಫೋಟೋ ಮೊದಲು ಆಗಿಬಿಡಲಿ ಎಂದ. ಡಬ್ಬಿ ಇಡುವ ಜಾಗದಲ್ಲೇ ಕೂರಿಸಿ ಫೋಟೋ ತೆಗೆಯಬೇಕು, ಕಣ್ಣು ಮಿಟುಕಿಸಬೇಕು, ಅವರ ಮೊಬೈಲಿಗೆ ಬಂದ ನಂಬರು ಹೇಳಬೇಕು, ಆಗಲೇ ಲೈನು ಚಾಲೂ ಆಗುವುದು. ಶರಣ್ಯಾ ಎಂದು ಕೂಗುತ್ತ ತಿಪ್ಪೇರುದ್ರ ಒಳಗೆ ಹೋದ. ಓದುವ ಕೋಣೆಯನ್ನು ಅವನೇ ಬೆಳಿಗ್ಗೆ ಗುಡಿಸಿ, ಪುಸ್ತಕ ಸರಿಸಿ, ಮೇಜು ಖಾಲಿ ಮಾಡಿ ಹೋಗಿದ್ದ. ಅಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಗಂಗಲಕ್ಷ್ಮಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳನ್ನು ಕೇಳುವ ಮೊದಲೇ ಅವನ ಕಣ್ಣು ಗೂಡಿನ ಮೇಲೆ ಬಿತ್ತು. ನಾಲ್ಕು ತಟ್ಟೆ ಇರುವಲ್ಲಿ ಮೂರಿದ್ದವು. ಈ ಮನೆಯಲ್ಲಿ ಗಂಡಸರಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರು ಹೊರಗೆ ಕೂತಿದ್ದಾರೆಂದು ತಟ್ಟೆ ಎಣಿಸಿ ತಿಳಿದುಕೊಳ್ಳಬೇಕು. ಇವತ್ತೇ ಆಗಬೇಕಿತ್ತೇ ಎಂಬುದು ಮೊದಲು ಬಂದ ಯೋಚನೆ. ಮಗಳ ಮೇಲೆ ಸಿಟ್ಟು ಬಂದದ್ದು ಎರಡನೆಯದು. ಸಿಟ್ಟು ಬಂದಿತಲ್ಲ ಎಂದು ನಾಚಿಕೆಯಾದದ್ದು ಮೂರನೆಯದು, ಅದು ಬರುವಷ್ಟರಲ್ಲಿ ಅವನು ಅಂಗಳಕ್ಕೆ ಹೋಗಿ ಮುತ್ತುರಾಜುವಿಗೆ, ಅವಳು ಏನೋ ಕೆಲಸಕ್ಕೆಂದು ಮಧುಗಿರಿಗೆ ಹೋಗಿಬಿಟ್ಟಿದ್ದಾಳೆ, ಡಬ್ಬಿ ಹಾಕಿ ಹೋಗಿರು, ಫೋಟೋ ಆಮೇಲೆ ನೋಡೋಣ ಎಂದು ಹೇಳಿಯಾಗಿತ್ತು.

ಹಂಗೆ ಬರಲ್ಲ ಸಾರ್ ಎಂದು ಮುತ್ತುರಾಜು ತಲೆ ಕೆರೆದುಕೊಂಡ. ಮಧುಗಿರಿಯಲ್ಲಿ ಎಲ್ಲಿದ್ದಾರೆ ಕೇಳೋಣ, ಹತ್ತಿರವಿದ್ದರೆ ನಾನೇ ಟಿವಿಎಸ್ಸಿನಲ್ಲಿ ಹೋಗಿ ಕರಕೊಂಡು ಬರುತ್ತೇನೆ ಎಂದು ಅರ್ಜಿಯಲ್ಲಿದ್ದ ನಂಬರಿಗೆ ಫೋನು ಮಾಡಿದ. ಫೋನು ಅಂಗಳದ ತುದಿಯಲ್ಲಿ ಹೊಡೆದುಕೊಂಡಿತು. ಮುಚ್ಚಿದ ಬಾಗಿಲ ಹಿಂದಿನಿಂದ, ಇಪ್ಪತ್ತು ಹೆಜ್ಜೆ ದೂರದಿಂದ, ಸ್ಪಷ್ಟವಾಗಿ. ಮುತ್ತುರಾಜು ಮೊಬೈಲನ್ನು ಕಿವಿಯಿಂದ ತೆಗೆದು ಆ ಬಾಗಿಲನ್ನು ನೋಡಿದ, ಮೇಷ್ಟ್ರ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿಯನ್ನು ನೋಡಿದ. ಅವನು ಈ ಸೀಮೆಯವನೇ, ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಚಪ್ಪಲಿ ನೋಡಿದ್ದೇ ತಿಪ್ಪೇರುದ್ರನಿಗೆ ಸಹಿಸಲಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇರಲಿ, ಇವನು ತನ್ನ ಬಾಯಿಂದಲೇ ಪಾಠ ಕೇಳಿದವನು. ಮೂಢನಂಬಿಕೆ ಎಂದರೇನು ಎಂಬುದಕ್ಕೆ ಐದು ಅಂಕದ ಉತ್ತರ ಬರೆದವನು. ಬಾಗಿಲು ತೆರೆಯಿತು. ಶರಣ್ಯಾ ಹೊಸಿಲ ಮೇಲೆ ನಿಂತು, "ಇಲ್ಲೇ ಹಾಕಣ್ಣ" ಎಂದಳು.

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅದೇ ಅವನಿಗೆ ದಿಗಿಲು ಹುಟ್ಟಿಸಿತು. ಕಂಪನಿಗೆ ಈ ಕೋಣೆಯ ಫೋಟೋವನ್ನೇ ಕಳಿಸಿದ್ದೇನೆ, ಒಪ್ಪಿದ್ದಾರೆ ಎಂದು ಮೊಬೈಲನ್ನು ಅವನ ಕಡೆ ಚಾಚಿ ಹಿಡಿದಳು. ಅವನು ಹೊಸಿಲಿಗೆ ಎರಡು ಹೆಜ್ಜೆ ದೂರದವರೆಗೆ ಹೋಗಿ ಅಲ್ಲಿಂದಲೇ ಕತ್ತು ಚಾಚಿ ನೋಡಿದ. ಬಿಳಿ ಗೋಡೆ, ಕಿಟಕಿಗೆ ನೀಲಿ ಪರದೆ, ಮೇಜಿನ ಮೇಲೆ ಮಡಿಸಿಟ್ಟ ಬಟ್ಟೆ, ಗೋಡೆಗೆ ಅಂಟಿಸಿದ ಒಂದು ಕ್ಯಾಲೆಂಡರು. ಯಾರದೋ ಅಚ್ಚುಕಟ್ಟಾದ ಮನೆಯ ಹಾಗಿತ್ತು. ಪರದೆ ಹೊಲಿದವರು ಯಾರು, ಮೇಜು ಯಾವಾಗ ಬಂತು, ಅವನಿಗೆ ಒಂದೂ ಗೊತ್ತಿರಲಿಲ್ಲ. ಗೋಡೆ ಎದ್ದು ಸುಣ್ಣ ಹೊಡೆದ ದಿನ ಒಳಗೆ ಹೋಗಿದ್ದವನು ಮತ್ತೆ ಕಾಲಿಟ್ಟಿರಲಿಲ್ಲ, ಟೈಲ್ಸಿನ ಬಣ್ಣವನ್ನೂ ಅಂಗಡಿಯಲ್ಲೇ ನೋಡಿದ್ದು. ಮುತ್ತುರಾಜು ಚಪ್ಪಲಿ ಬಿಟ್ಟು, ಅವಳು ಸರಿದು ಕೊಟ್ಟ ದಾರಿಯಲ್ಲಿ ಒಳಗೆ ಹೋಗಿಯೇಬಿಟ್ಟ. ಗೋಡೆಯನ್ನು ತಟ್ಟಿ ನೋಡಿದ. "ತೂತು ಎಲ್ಲಿ ಹೊಡೀಲಿ, ಒಸಿ ಬಂದು ತೋರ್ಸಿ ಸಾರ್" ಎಂದ. ತಿಪ್ಪೇರುದ್ರನ ಕಾಲು ಏಳಲಿಲ್ಲ. ಹೋಗಬಾರದೆಂದು ಅವನೇನೂ ನಿರ್ಧಾರ ಮಾಡಿರಲಿಲ್ಲ. ಕಾಲಿಗೆ ಅದು ತಾನಾಗಿಯೇ ಗೊತ್ತಿತ್ತು. ಹೊರಗಿನವನೊಬ್ಬ ತನ್ನ ಕೋಣೆಯ ನಡುಮಧ್ಯೆ ನಿಂತು ತನ್ನನ್ನು ಒಳಗೆ ಕರೆಯುತ್ತಿದ್ದಾನೆ, ತಾನು ಅಂಗಳದ ಬಿಸಿಲಿನಲ್ಲಿ ನಿಂತು ಬೆವರುತ್ತಿದ್ದೇನೆ.

ಅಲ್ಲಿ ಬೇಡ, ಓದುವ ರೂಮಿಗೇ ಹಾಕು ಎಂದು ಅವನು ಮುತ್ತುರಾಜುವಿಗೆ ಗಟ್ಟಿಯಾಗಿ ಹೇಳಿದ, ಪ್ರಸನ್ನ ಕುಮಾರನಿಗೂ ಹಾಗೇ ಬರೆಸಿದ್ದೇನೆ ಎಂದ. ವೈರು ಅಂಗಳದ ಮೇಲೆ ಹಾದು ಆ ಕೋಣೆಗೆ ಹೋದರೆ ದಾರಿಯಲ್ಲಿ ಹೋಗುವ ಬರುವವರೆಲ್ಲ ನೋಡುತ್ತಾರೆ, ಇಲ್ಲಿಯವರೆಗೆ ಕಡಲೆಕಾಯಿ ಮೂಟೆಯ ಕೋಣೆಯಾಗಿದ್ದದ್ದಕ್ಕೆ ಕಪ್ಪು ವೈರು ಬೆರಳು ಮಾಡಿ ತೋರಿಸುತ್ತದೆ ಎಂದು ಅವನ ಮನಸ್ಸು ಹೊಯ್ದಾಡುತ್ತಿತ್ತು. ಮಗಳಿಗೆ ಹೇಳಿದ್ದು ಬೇರೆ. ನೀನು ಓದಿದವಳು, ನಿನಗೆಂದೇ ನನ್ನ ರೂಮು ಬಿಟ್ಟುಕೊಟ್ಟಿದ್ದೇನೆ, ಇನ್ನೊಂದು ಫೋಟೋ ಕಳಿಸು, ಸಂಜೆ ಆರರವರೆಗೆ ಹೊತ್ತಿದೆಯಲ್ಲ ಎಂದ. ಶರಣ್ಯಾ ಚಾಚಿದ್ದ ಮೊಬೈಲನ್ನು ಕೆಳಗಿಳಿಸಿದಳು.

"ಕಳಿಸ್ಬೋದು. ತಿಂಗಳಿಗೆ ಐದು ದಿನ ರಜಾ ಅಂತಾನೂ ಬರೀಬೇಕಾಯ್ತದೆ. ಕಾರಣ ಏನಂತ ಬರೀಲಿ ಅಪ್ಪ? ಇಲ್ಲೇ ಹಾಕ್ಸುದ್ರೆ ಆ ತಾಪತ್ರಯ ಇಲ್ಲ. ನಾನು ಇಲ್ಲೇ ಇದ್ಬುಡ್ತೀನಿ, ತಿಂಗಳು ಪೂರ್ತಿ. ಯಾವ್ ದಿನ ಹೊರಗೆ ಯಾವ್ ದಿನ ಒಳಗೆ ಅಂತ ಯಾರೂ ತಟ್ಟೆ ಎಣಿಸೋದೂ ಬ್ಯಾಡ."

ಅವಳು ಅತ್ತು ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವವಳ ಹಾಗೆ ಹೇಳಿದಳು. ಇಪ್ಪತ್ತಮೂರು ವರ್ಷದ ಮಗಳು ತನ್ನ ಬದುಕನ್ನು ಈ ಕೋಣೆಗೆ ಅಳೆದು ಕತ್ತರಿಸಿಟ್ಟುಕೊಂಡಿದ್ದಾಳೆ, ಬೇಸರವೂ ಇಲ್ಲದೆ. ಅವನಿಗೆ ಭಯವಾಯಿತು. ಒಳಗೇ ಬಾ ಎನ್ನಬೇಕು, ಎಲ್ಲ ದಿನವೂ ಬಾ ಎನ್ನಬೇಕು, ಈಗಲೇ ಅನ್ನಬೇಕು ಎಂದು ಗಂಟಲವರೆಗೆ ಬಂತು. ಬಂದದ್ದು ಬೇರೆ ಮಾತು. ನನ್ನದೇನೂ ಅಡ್ಡಿಯಿಲ್ಲ ಕಣಮ್ಮ, ನಾನು ಅಂಥದ್ದನ್ನೆಲ್ಲ ಯಾವತ್ತೋ ಬಿಟ್ಟವನು, ಆದರೆ ನಿಮ್ಮಜ್ಜಿ ಇರುವವರೆಗೆ ಅವಳ ಮನಸ್ಸು ನೋಯಿಸುವುದು ಬೇಡ ಎಂದಷ್ಟೇ ಇಷ್ಟು ವರ್ಷ ಸುಮ್ಮನಿದ್ದೇನೆ ಎಂದ. ಈ ಮಾತನ್ನು ಅವನು ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ಎಷ್ಟು ಸಲ ಹೇಳಿದ್ದನೋ. ಹೇಳಿ ಹೇಳಿ ನಾಲಿಗೆಗೆ ನುಣುಪಾಗಿತ್ತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ನನ್ ಮ್ಯಾಲ್ಯಾಕ್ ಹಾಕ್ತೀಯ ಮಗಾ" ಎಂದಳು ಚಿಕ್ಕಕ್ಕ. ದನಿಯೇನೂ ಎತ್ತಿರಲಿಲ್ಲ. "ಆ ಕೂಸ್ನ ಮಣ್ ಮಾಡ್ ಬಂದ ದಿನ ನಾನೇನಂದೆ? ಇನ್ನೊಂದ್ ಸಲ ಆದಾಗ ಒಳಗೇ ಮಲಗ್ಸಾನ, ದ್ಯಾವ್ರು ಏನಾರ ಮಾಡಂಗಿದ್ರೆ ನಂಗ್ ಮಾಡ್ಲಿ ಅಂದೆ. ಒಳ್ಳೇ ರೂಮ್ ಕಟ್ಟುಸ್ತೀನಿ ಸುಮ್ಕಿರವ್ವ ಅಂದೆ ನೀನು. ಕಟ್ಟುಸ್ಬುಟ್ಟೆ. ಓದಿರಾ ಮಗ ಕಟ್ಟುಸ್ದ ಮ್ಯಾಲೆ ಹೋಗ್ಬ್ಯಾಡ್ರೇ ಅನ್ನಕೆ ನಾನ್ಯಾರು?"

ಅವನಿಗೆ ನೆನಪಿತ್ತು. ಮರೆತಿದ್ದರೆ ಎಷ್ಟು ಚೆನ್ನಾಗಿತ್ತು, ಮರೆತಿರಲಿಲ್ಲ, ಮುಚ್ಚಿಟ್ಟಿದ್ದ, ಅಷ್ಟೆ. ಒದ್ದೆ ಪಂಚೆಯಲ್ಲಿ ನಿಂತಿದ್ದ ಬೆಳಗು ಅದು, ಕೈಗೆ ಇನ್ನೂ ಮಣ್ಣು ಮೆತ್ತಿತ್ತು, ತಾಯಿ ತಲೆಗೂದಲು ಕೆದರಿಕೊಂಡು ಎದುರಿಗೆ ನಿಂತು ಈ ಮಾತನ್ನು ಆಡಿದ್ದಳು. ದುಃಖದಲ್ಲಿ ಏನೋ ಬಡಬಡಿಸುತ್ತಾಳೆ ಎಂದುಕೊಂಡಿದ್ದ. ಅಲ್ಲ, ಹಾಗೆಂದುಕೊಂಡದ್ದು ಆಮೇಲೆ. ಆ ಹೊತ್ತಿಗೆ ಆದದ್ದು ಹೆದರಿಕೆ. ಒಳಗೆ ಮಲಗಿಸಿ ಏನಾದರೂ ಆಗಿಬಿಟ್ಟರೆ, ಹಟ್ಟಿಯ ಹಿರಿಯರು ಕೇಳಿದರೆ, ದೇವರು ಎಂಬುದೊಂದು ನಿಜವಾಗಿಯೂ ಇದ್ದುಬಿಟ್ಟರೆ. ಅಕ್ಷರ ಬಾರದ ತಾಯಿ ದೇವರ ಎದುರಿಗೆ ತಾನು ನಿಲ್ಲುತ್ತೇನೆ ಎಂದಳು, ಡಿಗ್ರಿ ಓದಿದ ಮಗ ಟೇಪು ಹಿಡಿದು ಜಾಗ ಅಳೆಯಲು ಹೋದ. ಹಟ್ಟಿಯಲ್ಲಿ ಆಗ ಏಳು ಗುಡಿಸಲಿದ್ದವು. ಒಂದೊಂದಾಗಿ ಬಿದ್ದವು, ಬಿದ್ದದ್ದನ್ನು ಯಾರೂ ಮತ್ತೆ ಎತ್ತಿ ಕಟ್ಟಲಿಲ್ಲ, ಎಷ್ಟೋ ಮನೆಗಳಲ್ಲಿ ಹೆಂಗಸರು ಸದ್ದಿಲ್ಲದೆ ಜಗಲಿಗೆ, ಜಗಲಿಯಿಂದ ನಡುಮನೆಗೆ ಬಂದಿದ್ದರು. ಬೀಳದೆ ಉಳಿದದ್ದು ಇಟ್ಟಿಗೆ ಸಿಮೆಂಟಿನ ಇದೊಂದೇ. ನಡುಮನೆಗೆ ಬರಲು ಇನ್ನೂ ಅಂಜುತ್ತಿದ್ದವರನ್ನು ಪಕ್ಕದ ಮನೆಗಳಿಂದಲೂ ಕರೆದು ಒಳಗೆ ಹಾಕಿಕೊಂಡಿತ್ತು. ತನ್ನ ಜನ್ಮದಲ್ಲಿ ತಾನು ಕಟ್ಟಿಸಿದ ಒಂದೇ ಒಂದು ಒಳ್ಳೆಯದೆಂದು ಅವನು ನಂಬಿಕೊಂಡಿದ್ದು ಅದು.

"ಯಾವಾಗ ಅಂದಿದ್ರಿ ಅತ್ತೆ?" ಎಂದು ಯಾರೋ ಕೇಳಿದರು. ಗಂಗಲಕ್ಷ್ಮಿ. ಅವಳು ಯಾವಾಗ ಬಂದು ಬಾಗಿಲಲ್ಲಿ ನಿಂತಳೋ. ಕೈಯಲ್ಲಿ ಮುದ್ದೆ ತಿರುವುವ ಕೋಲು ಹಾಗೇ ಇತ್ತು, ಹಿಟ್ಟು ಮೆತ್ತಿದ್ದು. ಚಿಕ್ಕಕ್ಕ ಸೊಸೆಯ ಮುಖ ನೋಡಿ, ನಿಂಗೆ ಇವನು ಹೇಳಿಲ್ವಾ ಎಂದಳು. ಗಂಗಲಕ್ಷ್ಮಿ ಲೆಕ್ಕ ಹಾಕುತ್ತಿದ್ದಾಳೆ ಎಂದು ತಿಪ್ಪೇರುದ್ರನಿಗೆ ಗೊತ್ತಾಯಿತು. ಹೆರಿಗೆಯಾಗಿ ಎರಡನೇ ಕೂಸನ್ನು ಎದೆಗೆ ಅವುಚಿಕೊಂಡು, ಇದೂ ಹೋಗಿಬಿಟ್ಟರೆ ಎಂದು ಆ ಕೋಣೆಯಲ್ಲಿ ಒಬ್ಬಳೇ ಕಣ್ಣು ಮುಚ್ಚದೆ ಕಳೆದ ದಿನಗಳು. ಅದಾದ ಮೇಲೆ ತಿಂಗಳಿಗೈದು. ಕೆಮ್ಮದೆ ಕೂತ ಎರಡು ಗಂಟೆ. ಅವಳು ಅವನ ಕಡೆ ತಿರುಗಿದಳು.

"ಹೌದಾ?"

ಒಂದೇ ಮಾತು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹೌದು, ಹೆದರಿದೆ, ತಪ್ಪಾಯಿತು. ಮೂರು ಪದ. ಮುತ್ತುರಾಜು ಕೋಣೆಯಿಂದ ಹೊರಗೆ ಬಂದು ಡ್ರಿಲ್ಲಿಂಗ್ ಮೆಷಿನ್ ಹಿಡಿದು ನಿಂತಿದ್ದ, ಮಗಳು ಹೊಸಿಲ ಮೇಲೆ ನಿಂತಿದ್ದಳು, ಎಲ್ಲರೂ ತನ್ನ ಬಾಯನ್ನೇ ನೋಡುತ್ತಿದ್ದರು. "ನಂಗ್ಯಾಕೋ ನೆನಪಿಲ್ಲ" ಎಂದ ತಿಪ್ಪೇರುದ್ರ.

ಗಂಗಲಕ್ಷ್ಮಿ ಕೋಲನ್ನು ಜಗಲಿಯ ಮೇಲೆ ಇಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಂಗಳ ದಾಟಿ ಹೋಗಿ ಮಗಳ ಕೈ ಹಿಡಿದಳು. ಬೇಡಮ್ಮ, ಇಲ್ಲೇ ಆಗುತ್ತದೆ ಎಂದು ಶರಣ್ಯಾ ಏನೋ ಹೇಳಲು ಹೋದಳು. ಹಿಡಿದ ಕೈ ಬಿಡಲಿಲ್ಲ. ಇಪ್ಪತ್ತು ಹೆಜ್ಜೆಯ ಆ ಅಂಗಳದಲ್ಲಿ ತಾಯಿ ಮುಂದೆ, ಮಗಳು ಹಿಂದೆ. ಮಗಳು ಪ್ರತಿ ಹೆಜ್ಜೆಗೂ ಅಜ್ಜಿಯ ಮುಖ ನೋಡುತ್ತ, ಕಾಲನ್ನು ಮೆಲ್ಲಗೆ ಊರುತ್ತ ಬಂದಳು. "ಒಳಗಿನ್ ರೂಮಿಗೇ ಹಾಕಪ್ಪ" ಎಂದು ಗಂಗಲಕ್ಷ್ಮಿ ಮುತ್ತುರಾಜುವಿಗೆ ಹೇಳಿದಳು, ಗಂಡನ ಕಡೆ ನೋಡದೆ. ಚಿಕ್ಕಕ್ಕ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಎಳೆದುಕೊಂಡು, ಚಾಚಿದ್ದ ಕಾಲನ್ನು ಮಡಿಸಿ ದಾರಿ ಬಿಟ್ಟಳು. ನೋಡಿದೆಯಾ, ಇಷ್ಟೇ ಇದ್ದದ್ದು, ಒಬ್ಬರು ಕೈ ಹಿಡಿಯಬೇಕು ಇನ್ನೊಬ್ಬರು ಕಾಲು ಮಡಿಸಬೇಕು ಎಂದು ಅವನ ಎದೆ ತುಂಬಿ ಬಂತು. ಅಳು ಬರುವ ಹಾಗಾಯಿತು. ತಾನು ಇದನ್ನೇ ಬಯಸಿದ್ದವನು, ತಾನೂ ಇವರ ಜೊತೆಗೇ ಇದ್ದೇನೆ ಎಂದು ಈಗಲಾದರೂ ಹೇಳಬೇಕು ಎಂದುಕೊಳ್ಳುತ್ತಿರುವಾಗ ಶರಣ್ಯಾಳ ಬಲಗಾಲು ಹೊಸಿಲು ದಾಟಿತು. ನಡುಮನೆಯ ಗೋಡೆಯಲ್ಲಿ ದೇವರ ಗೂಡು ತೆರೆದಿತ್ತು, ಬೆಳಿಗ್ಗೆ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು.

"ದೇವ್ರ ಗೂಡಿನ್ ಬಾಗ್ಲು ಹಾಕ್ರೇ" ಎಂದು ಯಾರೋ ಕೂಗಿದರು. ತನ್ನದೇ ದನಿ ಎಂದು ತಿಳಿಯಲು ತಿಪ್ಪೇರುದ್ರನಿಗೆ ಒಂದು ಗಳಿಗೆ ಹಿಡಿಯಿತು. ಮುತ್ತುರಾಜು ತಲೆ ತಗ್ಗಿಸಿದ. ಶರಣ್ಯಾ ಹಿಂದಿರುಗಿ ಅಪ್ಪನನ್ನು ನೋಡಿದಳು, ಗುರುತು ಸಿಗದವರನ್ನು ನೋಡುವ ಹಾಗೆ, ಆಮೇಲೆ ತಾಯಿಯ ಜೊತೆ ಗೂಡಿನ ಮುಂದೆ ಹಾದು ಕೋಣೆಯೊಳಗೆ ಹೋದಳು. ಬಾಗಿಲು ಹಾಕಲು ಯಾರೂ ಏಳಲಿಲ್ಲ. ಚಿಕ್ಕಕ್ಕ ಮತ್ತೆ ಅವರೆಕಾಯಿ ಕೈಗೆತ್ತಿಕೊಂಡಳು, ಅವರ ಹಿಂದೆ ಒಳಗೆ ಹೋದ ಮುತ್ತುರಾಜು ಮೊಬೈಲು ಎತ್ತಿ ಹಿಡಿದು, "ಕಣ್ಣು ಮಿಟುಕ್ಸಿ ಮೇಡಂ" ಎನ್ನುತ್ತಿದ್ದ.